ಬಚ್ಚಲ ಒಲೆಯ ಹೊಗೆ ಕೊಳವೆ: ಮನೆಯಲ್ಲೇ ಗುಡಿಸಿ ಕಾಪಾಡುವ ಕ್ರಮ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯಿಂದಲೂ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕೊಳವೆ ಇದ್ದೂ ಬಚ್ಚಲ ಒಲೆಯ ಹೊಗೆಯೆಲ್ಲ ಒಳಗೇ ಬರುತ್ತದೆ, ಒಲೆಯನ್ನು ಒಡೆದು ಹೊಸದಾಗಿ ಕಟ್ಟಿಸಬೇಕೇ ಎಂಬುದು ಆ ಪ್ರಶ್ನೆ. ಹೆಚ್ಚಿನ ಮನೆಗಳಲ್ಲಿ ಒಡೆಯುವ ಅಗತ್ಯವಿರುವುದಿಲ್ಲ. ಒಲೆ ಸರಿಯಾಗಿಯೇ ಇರುತ್ತದೆ. ಹೊಗೆ ಸಾಗುವ ದಾರಿ ಮಸಿಯಿಂದ ಕಿರಿದಾಗಿರುತ್ತದೆ, ಮತ್ತು ಅದು ಕಿರಿದಾಗುವುದಕ್ಕೆ ಮುಖ್ಯ ಕಾರಣ ನಾವು ಒಲೆಗೆ ತುಂಬುವ ಹಸಿ ಕಟ್ಟಿಗೆಯಾಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕೊಳವೆಯನ್ನು ಗುಡಿಸುವ ಕ್ರಮದಷ್ಟೇ, ಅದು ಬೇಗ ಕಟ್ಟದಂತೆ ನೋಡಿಕೊಳ್ಳುವ ಬಗೆಗೂ ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದೆಲ್ಲ ಹಂಡೆ ಕೂರಿಸಿದ ಬಚ್ಚಲ ಒಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ ರೂಪಿಸಿದ, ನಮ್ಮಲ್ಲಿ ಇಂದಿಗೂ ‘ಅಸ್ತ್ರ ಒಲೆ’ ಎಂದೇ ಕರೆಯುವ ಅಡುಗೆ ಒಲೆಗೂ ಇದೇ ಕ್ರಮ ಸಲ್ಲುತ್ತದೆ. ಅಡಿಕೆ ಬೇಯಿಸುವ ಒಲೆಗೆ ಕೊಳವೆ ಹಾಕಿಸಿದವರಿಗೆ ಬೇಕಾದ ಒಂದೆರಡು ಮಾತುಗಳನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಕೊಳವೆ ಹೊಗೆಯನ್ನು ಎಳೆಯುವುದು ಹೇಗೆ, ಕಟ್ಟುವುದು ಏಕೆ

ಬಿಸಿ ಗಾಳಿ ಹಗುರ, ತಂಪು ಗಾಳಿ ಭಾರ. ಕೊಳವೆಯೊಳಗಿನ ಬಿಸಿ ಹೊಗೆ ಮೇಲೇರುತ್ತ ಹೋದಂತೆ ಒಲೆಯ ಬಾಯಿಯಿಂದ ಹೊಸ ಗಾಳಿ ಒಳಗೆ ನುಗ್ಗುತ್ತದೆ. ಈ ಸೆಳೆತವೇ ಬೆಂಕಿಗೂ ಉಸಿರು. ಕೊಳವೆ ಎತ್ತರವಾಗಿದ್ದಷ್ಟು, ಒಳಗಿನ ಹೊಗೆ ಬಿಸಿಯಾಗಿದ್ದಷ್ಟು ಸೆಳೆತ ಹೆಚ್ಚು. ಮುಂಜಾನೆ ಒಲೆ ಹಚ್ಚಿದ ಕೂಡಲೇ ಹೊಗೆ ಒಳಗೆ ಬಂದು, ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಯಾಗುತ್ತದೆ ಎಂದರೆ ಅದು ಕೊಳವೆ ಕಟ್ಟಿದ ಲಕ್ಷಣವಲ್ಲ. ರಾತ್ರಿಯ ತಂಪು ಗಾಳಿ ಕೊಳವೆಯಲ್ಲಿ ಕುಳಿತಿದೆ ಎಂದಷ್ಟೇ ಅರ್ಥ. ಎಷ್ಟು ಹೊತ್ತಾದರೂ ಸರಿಯಾಗದಿದ್ದರೆ ಮಾತ್ರ ದಾರಿ ಕಿರಿದಾಗಿದೆ ಎಂದು ತಿಳಿಯಬೇಕು.

ಕಟ್ಟಿಗೆ ಪೂರ್ತಿ ಉರಿಯದೆ ಹೊಗೆಯಾಡಿದಾಗ ಆ ಹೊಗೆಯಲ್ಲಿ ನೀರಿನ ಆವಿ, ಇದ್ದಿಲಿನ ನುಣ್ಣನೆಯ ಪುಡಿ ಮತ್ತು ಡಾಂಬರಿನಂಥ ಜಿಡ್ಡು ಸೇರಿರುತ್ತವೆ. ಹೊಗೆ ಮೇಲೇರುತ್ತ ತಣಿದಾಗ ಇವು ಕೊಳವೆಯ ಗೋಡೆಗೆ ಹತ್ತಿಕೊಳ್ಳುತ್ತವೆ. ಈ ಜಿಡ್ಡಿಗೆ ಕ್ರಿಯೋಸೋಟ್ ಎಂಬ ಹೆಸರಿದೆ. ಇಲ್ಲಿ ಇದನ್ನು ಹೊಗೆಜಿಡ್ಡು ಎಂದು ಕರೆಯುತ್ತೇನೆ. ಒಣ ಮಸಿ ದಾರಿಯನ್ನು ಕಿರಿದು ಮಾಡುತ್ತದೆ, ಹೊಗೆಜಿಡ್ಡಾದರೋ ಹೊತ್ತಿಕೊಂಡು ಉರಿಯುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ.

ಮಸಿ ಎಷ್ಟು ಬೇಗ ದಾರಿಯನ್ನು ತಿನ್ನುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. 4 ಇಂಚು ಅಡ್ಡಳತೆಯ ಕೊಳವೆಯ ಒಳಸುತ್ತಿನಲ್ಲಿ ಅರ್ಧ ಇಂಚು ಮಸಿ ಕಟ್ಟಿದರೆ ಉಳಿಯುವ ಅಡ್ಡಳತೆ 3 ಇಂಚು. ಆದರೆ ಹೊಗೆ ಸಾಗುವ ಜಾಗ ಮೊದಲಿನ ನೂರು ಪಾಲಿನಲ್ಲಿ 56 ಪಾಲಿಗೆ ಇಳಿದಿರುತ್ತದೆ. ಮೇಲಿನಿಂದ ಇಣುಕಿದವರಿಗೆ ಕೊಳವೆ ತೆರೆದೇ ಇದೆ ಎಂದು ಕಾಣುತ್ತದೆ, ಹೊಗೆಗೆ ಮಾತ್ರ ಅರ್ಧ ಬಾಗಿಲು ಮುಚ್ಚಿರುತ್ತದೆ.

ಯಾವಾಗ ಗುಡಿಸಬೇಕು

ದಿನವೂ ಉರಿ ಹಾಕುವ ಬಚ್ಚಲ ಒಲೆಯ ಕೊಳವೆಯನ್ನು ವರ್ಷಕ್ಕೆ ಎರಡು ಸಲವಾದರೂ ಗುಡಿಸಬೇಕು: ಮೇ ತಿಂಗಳಲ್ಲಿ, ಮೃಗಶಿರ ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆ ಹಿಂದೆಗೆದ ಮೇಲೆ ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ. ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಹಿಂಡ್ಲೆ ಬಳ್ಳಿ ಕಟ್ಟಿ ಸಿಂಗರಿಸುವವರು ನಾವು. ಅದೇ ಹಂಡೆಯ ಬೆನ್ನ ಹಿಂದಿರುವ ಕೊಳವೆಯ ಕಡೆಗೆ ಮಾತ್ರ ಕಣ್ಣು ಹೋಗುವುದಿಲ್ಲ. ಆ ದಿನದ ಕೆಲಸಕ್ಕೆ ಇದನ್ನೂ ಸೇರಿಸಿಕೊಂಡರೆ ಮರೆಯುವ ಪ್ರಶ್ನೆ ಬರುವುದಿಲ್ಲ.

ಹಸಿ ಕಟ್ಟಿಗೆಯಲ್ಲೇ ಮಳೆಗಾಲ ಕಳೆಯುವ ಮನೆಗಳಲ್ಲಿ ಆಷಾಢ ಶ್ರಾವಣದ ನಡುವೆ ಮೂರನೆಯ ಸಲವೂ ಬೇಕಾಗುತ್ತದೆ. ತಿಂಗಳಿಗೊಮ್ಮೆ ಒಳಗೆ ನೋಡಿ, ಗೋಡೆಯ ಮೇಲಿನ ಪದರ 3 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ತಿಂಗಳ ಲೆಕ್ಕ ಬಿಟ್ಟು ಆಗಲೇ ಗುಡಿಸುವುದು ಒಳ್ಳೆಯದು.

ಬೇಕಾಗುವ ಸಾಮಾನು

ಕೊಳವೆಯ ಅಡ್ಡಳತೆಗೆ ಸರಿಹೊಂದುವ ದುಂಡನೆಯ ಬ್ರಷ್, ಅದನ್ನು ಕಟ್ಟಿ ತಳ್ಳಲು ಉದ್ದನೆಯ ಬಿದಿರಿನ ಗಳ ಅಥವಾ ಬೆತ್ತ, ಹಳೆಯ ಗೋಣಿಚೀಲಗಳು, ಮುಚ್ಚಳವಿರುವ ಲೋಹದ ಡಬ್ಬ, ಉದ್ದ ಹಿಡಿಕೆಯ ಸೌಟು, ಒಂದು ಬದಿ ಬಗ್ಗಿಸಿದ ದಪ್ಪ ತಂತಿ, ಸಣ್ಣ ಕನ್ನಡಿ, ಟಾರ್ಚು, ನೀರು ಸಿಂಪಡಿಸುವ ಬಾಟಲಿ, ಕೈಗವಸು, ಕಣ್ಣಿಗೆ ಕನ್ನಡಕ ಮತ್ತು ಎನ್95 ಮುಖಗವಸು. ಮೂಗಿಗೆ ಪಂಚೆಯ ತುದಿ ಕಟ್ಟಿಕೊಂಡರೆ ಸಾಕೆಂದು ಭಾವಿಸಬೇಡಿ. ಮಸಿಯ ಕಣ ಬಟ್ಟೆಯ ಎಳೆಗಿಂತ ಬಹಳ ಸಣ್ಣದು.

ಬ್ರಷ್ಷಿನ ಆಯ್ಕೆ ಕೊಳವೆಯ ಲೋಹವನ್ನು ಅವಲಂಬಿಸಿದೆ. ಸಾಮಾನ್ಯ ಕಬ್ಬಿಣದ ಕೊಳವೆಗೆ ತಂತಿಯ ಬ್ರಷ್ ಆಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಕಬ್ಬಿಣದ ತಂತಿ ಬೇಡ, ಅದರ ಚೂರುಗಳು ಗೋಡೆಗೆ ಕೂತು ತುಕ್ಕಿಗೆ ದಾರಿಯಾಗುತ್ತವೆ. ನೈಲಾನ್ ಬ್ರಷ್ ಬಳಸಿ. ಪೇಟೆಯಲ್ಲಿ ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವ, ಒಂದಕ್ಕೊಂದು ಜೋಡಿಸಬಹುದಾದ ಕಡ್ಡಿಗಳ ಬ್ರಷ್ಷೂ ಸಿಗುತ್ತದೆ. ಕಡ್ಡಿಗಳು ತಿರುಪಿನಿಂದ ಜೋಡಣೆಯಾಗುವ ಬಗೆಯದಾದರೆ ಯಂತ್ರವನ್ನು ಬಲಕ್ಕೆ ಮಾತ್ರ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ತಿರುಪು ಬಿಚ್ಚಿ ಅರ್ಧ ಬ್ರಷ್ ಕೊಳವೆಯೊಳಗೇ ಉಳಿಯುತ್ತದೆ. ಏನೂ ಸಿಗದಿದ್ದರೆ ತೆಂಗಿನ ನಾರನ್ನು ಬಿಗಿಯಾಗಿ ಉಂಡೆ ಕಟ್ಟಿ ಗಳದ ತುದಿಗೆ ತಂತಿಯಿಂದ ಬಿಗಿದುಕೊಳ್ಳಿ. ಒಣ ಮಸಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಈಚೆಗೆ ಅಡಿಕೆ ಕೊಯ್ಲಿಗೆ ತಂದ ಕಾರ್ಬನ್ ಫೈಬರ್ ದೋಟಿಯನ್ನೇ ಈ ಕೆಲಸಕ್ಕೂ ಬಳಸುವವರಿದ್ದಾರೆ. ಹಗುರ, ಉದ್ದ, ಅನುಕೂಲ ನಿಜ. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುತ್ತದೆ. ಕೊಳವೆಯ ಮೇಲ್ತುದಿಯಿಂದ ಹೊರಬಿದ್ದ ದೋಟಿ ಮನೆಗೆ ಬಂದ ವಿದ್ಯುತ್ ತಂತಿಗೆ ತಾಗಿದರೆ ಬಚ್ಚಲ ಒದ್ದೆ ನೆಲದ ಮೇಲೆ ನಿಂತವರ ಗತಿ ಏನಾದೀತು ಎಂದು ಯೋಚಿಸಿ. ಅಲ್ಯೂಮಿನಿಯಂ ದೋಟಿಗೂ ಏಣಿಗೂ ಇದೇ ಮಾತು. ತಂತಿ ಸಮೀಪವಿದ್ದರೆ ಚೆನ್ನಾಗಿ ಒಣಗಿದ ಬಿದಿರನ್ನು, ಅದನ್ನೂ ಉದ್ದ ಅಳೆದು ಗುರುತು ಹಾಕಿಕೊಂಡು ಮಾತ್ರ ಬಳಸಬೇಕು. ಹಸಿ ಬಿದಿರನ್ನು ನಂಬಬಾರದು.

ಕೆಲಸಕ್ಕೆ ಇಳಿಯುವ ಮೊದಲು: ನಿಮ್ಮ ಕೊಳವೆ ಯಾವುದರದು?

ಇದನ್ನು ಮೊದಲೇ ತಿಳಿಯದೆ ಬ್ರಷ್ ಹಿಡಿಯಬೇಡಿ. ಹಲವು ವರ್ಷಗಳ ಹಿಂದೆ ಕಟ್ಟಿಸಿದ ಒಲೆಗಳಲ್ಲಿ ಬೂದು ಬಣ್ಣದ, ಸಿಮೆಂಟಿನಂತೆ ಕಾಣುವ ಎ.ಸಿ. ಪೈಪು ಇರುವುದು ಸಾಮಾನ್ಯ. ಎ.ಸಿ. ಎಂದರೆ ಆಸ್ಬೆಸ್ಟಾಸ್ ಸಿಮೆಂಟು. ಗಟ್ಟಿಯಾಗಿರುವಷ್ಟು ಕಾಲ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಕೆರೆದಾಗ, ಕೊರೆದಾಗ, ಒಡೆದಾಗ ಹಾರುವ ಎಳೆಗಳು ಶ್ವಾಸಕೋಶ ಸೇರಿದರೆ ಹಲವು ದಶಕಗಳ ನಂತರ ಕ್ಯಾನ್ಸರಿನಂಥ ಕಾಯಿಲೆಗೆ ಕಾರಣವಾಗಬಲ್ಲವು. ಇಂಥ ಕೊಳವೆಗೆ ತಂತಿಯ ಬ್ರಷ್ ಮುಟ್ಟಿಸಬಾರದು. ಒಳಗೆ ನೀರು ಸಿಂಪಡಿಸಿ, ಒದ್ದೆ ಮಾಡಿದ ಗೋಣಿ ಬಟ್ಟೆಯ ಉಂಡೆಯನ್ನು ಮೆಲ್ಲನೆ ಎಳೆದಾಡಿ ಮಸಿ ತೆಗೆಯಬೇಕು. ಬಿರುಕು ಬಿಟ್ಟಿದ್ದರೆ ತೇಪೆ ಹಾಕುವ ಗೋಜಿಗೆ ಹೋಗದೆ ಬದಲಿಸಿ. ತೆಗೆದ ಪೈಪನ್ನು ಒದ್ದೆ ಮಾಡಿ, ಇಡಿಯಾಗಿಯೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಿ. ಅದನ್ನು ಒಡೆದು ತೋಟದ ದಾರಿಗೆ ಹಾಸುವ ರೂಢಿ ಒಳ್ಳೆಯದಲ್ಲ. ಕೊಳವೆಯೊಳಗೆ ಬೆಂಕಿ ಹೊತ್ತಿದರೆ ಎ.ಸಿ. ಪೈಪು ಸಿಡಿದು ಚೂರಾಗುವ ಸಂಭವವೂ ಇದೆ. ಹೊಸದಾಗಿ ಹಾಕಿಸುವವರು ಇದರ ಬದಲು ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹಂತ 1: ಒಲೆಯನ್ನು ಪೂರ್ತಿ ತಣಿಯಲು ಬಿಡಿ

ಹಿಂದಿನ ದಿನ ಬೆಳಿಗ್ಗೆಯಿಂದ ಉರಿ ಹಾಕಬೇಡಿ. ಬೂದಿ ಒಳ್ಳೆಯ ಹೊದಿಕೆ. ಅದರಡಿ ಕೆಂಡ ಎರಡು ಮೂರು ದಿನ ಜೀವ ಹಿಡಿದಿರಬಲ್ಲದು. ಆದ್ದರಿಂದ ಒಲೆ ಮುಟ್ಟಲು ತಣ್ಣಗಿದೆ ಎಂದರೂ ಬೂದಿಯನ್ನು ಸೌಟಿನಿಂದ ತೆಗೆದು ಲೋಹದ ಡಬ್ಬಕ್ಕೇ ತುಂಬಿ, ಮುಚ್ಚಳ ಹಾಕಿ, ಮನೆಯಿಂದಲೂ ಹುಲ್ಲಿನಿಂದಲೂ ದೂರ ಇಡಿ. ಪ್ಲಾಸ್ಟಿಕ್ ಬಕೆಟ್ಟಿಗೆ ಅಥವಾ ಗೊಬ್ಬರದ ಚೀಲಕ್ಕೆ ತುಂಬಿ ಕೊಟ್ಟಿಗೆಯ ಮೂಲೆಯಲ್ಲಿ ಇಡುವುದು ಬೆಂಕಿಗೆ ಕೊಟ್ಟ ಆಹ್ವಾನ. ಹಂಡೆಯಲ್ಲಿ ನೀರು ಇರಲಿ, ಖಾಲಿ ಮಾಡಬೇಕಿಲ್ಲ. ಬಾಯಿಗೆ ಮಾತ್ರ ಭದ್ರವಾಗಿ ಮುಚ್ಚಳ ಹಾಕಿ.

ಹಂತ 2: ಒಳಗೆ ಏನಿದೆ ಎಂದು ನೋಡಿ

ಕೊಳವೆಯ ಬುಡದಲ್ಲಿ ಮಸಿ ತೆಗೆಯುವ ಕಿಂಡಿ ಇದ್ದರೆ ಅದರ ಮುಚ್ಚಳ ತೆಗೆದು ಕನ್ನಡಿಯನ್ನು ಓರೆಯಾಗಿ ಹಿಡಿಯಿರಿ. ಮೇಲೆ ಟೋಪಿ ತೆಗೆದಿದ್ದರೆ ಆಕಾಶ ಬಿಲ್ಲೆಯಂತೆ ದುಂಡಗೆ ಕಾಣಬೇಕು. ಬಿಲ್ಲೆ ಸೊಟ್ಟಗಿದ್ದರೆ ಮಸಿ ಒಂದು ಮಗ್ಗುಲಿಗೆ ಕಟ್ಟಿದೆ. ಏನೂ ಕಾಣದಿದ್ದರೆ ಕೊಳವೆಗೆ ಬಾಗು ಇರಬೇಕು ಅಥವಾ ಹಕ್ಕಿಯೋ ಕಡಜವೋ ಒಳಗೆ ಗೂಡು ಮಾಡಿರಬೇಕು. ಕನ್ನಡಿ ಹಿಡಿಯಲು ಆಗದಷ್ಟು ಕಿಂಡಿ ಸಣ್ಣದಾದರೆ ಮೊಬೈಲಿನ ಬೆಳಕು ಹೊತ್ತಿಸಿ ವಿಡಿಯೊ ತೆಗೆದು ನೋಡಬಹುದು.

ಕಿಂಡಿಯೇ ಇಲ್ಲದ ಒಲೆಗಳು ನಮ್ಮಲ್ಲಿ ಬಹಳ. ಗೌಂಡಿಯನ್ನು ಕರೆಸಿ ಕೊಳವೆಯ ಬುಡಕ್ಕೆ ಒಂದು ಕೈ ಹೋಗುವಷ್ಟು ಕಿಂಡಿಯನ್ನೂ ಅದಕ್ಕೆ ಬಿಗಿಯಾಗಿ ಕೂರುವ ತಗಡಿನ ಮುಚ್ಚಳವನ್ನೂ ಮಾಡಿಸಿಕೊಳ್ಳಿ. ಒಮ್ಮೆ ಮಾಡಿಸಿದ ಈ ಖರ್ಚು ಮುಂದಿನ ಎಲ್ಲ ವರ್ಷಗಳ ಕೆಲಸವನ್ನು ಅರ್ಧಕ್ಕೆ ಇಳಿಸುತ್ತದೆ.

ಎ.ಸಿ. ಪೈಪು ಅಲ್ಲದಿದ್ದರೆ ಗೋಡೆಯ ಪದರವನ್ನು ಮೊಳೆಯಿಂದ ಕೆರೆದು ಅದರ ಬಗೆಯನ್ನು ತಿಳಿಯಿರಿ. ಮುಟ್ಟಿದರೆ ಉದುರುವ ಕಪ್ಪು ಪುಡಿಯಾದರೆ ಸಾಮಾನ್ಯ ಬ್ರಷ್ಷಿನಿಂದ ಹೋಗುತ್ತದೆ. ಹೊಳೆಯುವ ಕರಿಯ ಹಕ್ಕಳೆಯಂತೆ ಏಳುತ್ತಿದ್ದರೆ ಗಟ್ಟಿ ಬ್ರಷ್ಷೂ ಹೆಚ್ಚು ಹೊತ್ತೂ ಬೇಕು. ಮೊಳೆ ಜಾರುವಂತೆ, ಡಾಂಬರು ಬಳಿದು ಒಣಗಿಸಿದಂತೆ ಗಾಜಿನ ಹೊಳಪಿದ್ದರೆ ಅದು ಗಟ್ಟಿಯಾದ ಹೊಗೆಜಿಡ್ಡು. ಅದನ್ನು ಬ್ರಷ್ಷು ಕೀಳುವುದಿಲ್ಲ, ಬಡಿದು ತೆಗೆಯಲು ಹೋದರೆ ಕೊಳವೆ ತೂತಾಗುತ್ತದೆ. ಲೋಹದ ಕೊಳವೆಯಾದರೆ ಆ ತುಂಡನ್ನೇ ಬದಲಿಸುವುದು ಸುರಕ್ಷಿತವೂ ಹೌದು, ಕೊನೆಗೆ ಅಗ್ಗವೂ ಹೌದು.

ಹಂತ 3: ಬುಡ ಮತ್ತು ಬಾಗನ್ನು ಮೊದಲು ತೆಗೆಯಿರಿ

ಸಾಮಾನ್ಯವಾಗಿ ಜನರು ಎಡವುವುದು ಇಲ್ಲಿಯೇ. ನೆಟ್ಟಗಿನ ಕೊಳವೆಯಲ್ಲಿ ಮಸಿ ಎಷ್ಟು ಕಟ್ಟಿದರೂ ಒಂದಿಷ್ಟು ದಾರಿ ಉಳಿದಿರುತ್ತದೆ; ಪೂರ್ತಿ ಮುಚ್ಚುವುದು ಹಂಡೆಯ ಹಿಂಬದಿಯಿಂದ ಕೊಳವೆಗೆ ಹೋಗುವ ಅಡ್ಡದಾರಿ ಮತ್ತು ಬಾಗು. ಮೇಲಿನಿಂದ ಉದುರಿದ ಮಸಿ, ಹಾರಿ ಬಂದ ಬೂದಿ ಎಲ್ಲವೂ ಅಲ್ಲಿಯೇ ಕೂರುತ್ತವೆ. ಮಾಡಿನ ಮೇಲೆ ಹತ್ತಿ ಕೊಳವೆಯನ್ನು ಎಷ್ಟು ಗುಡಿಸಿದರೂ ಈ ಬಾಗನ್ನು ತೆಗೆಯದಿದ್ದರೆ ಉದುರಿದ ಮಸಿಯೂ ಸೇರಿ ಹೊಗೆ ಮೊದಲಿಗಿಂತ ಹೆಚ್ಚಾಗುತ್ತದೆ. ‘ಗುಡಿಸಿದ ಮೇಲೆ ಹೊಗೆ ಜಾಸ್ತಿಯಾಯಿತು’ ಎಂದು ಬರೆಯುವವರಿಗೆಲ್ಲ ನನ್ನ ಮೊದಲ ಪ್ರಶ್ನೆ ಬಾಗನ್ನು ತೆಗೆದಿರಾ ಎಂಬುದೇ.

ಒಲೆಯ ಬಾಯಿಯ ಎದುರು, ಕಿಂಡಿಯ ಕೆಳಗೆ ಒದ್ದೆ ಗೋಣಿಚೀಲ ಹಾಸಿ. ಮಸಿಯ ಮೇಲೆ ಸ್ವಲ್ಪ ನೀರು ಸಿಂಪಡಿಸಿದರೆ ಹಾರುವುದಿಲ್ಲ. ಸುರಿದರೆ ಮಾತ್ರ ಕೆಸರಾಗಿ ಮಣ್ಣಿನ ಗೋಡೆಯನ್ನೂ ಕೆಡಿಸುತ್ತದೆ. ಸೌಟಿನಿಂದ ಮೇಲಿನ ರಾಶಿ ತೆಗೆದು, ಬಗ್ಗಿಸಿದ ತಂತಿಯಿಂದ ಅಡ್ಡದಾರಿಯನ್ನು ಎಳೆದು ಖಾಲಿ ಮಾಡಿ. ಹಂಡೆಯ ಸುತ್ತ ಉರಿ ಹಾಯುವ ಸಂದನ್ನೂ ಮರೆಯಬೇಡಿ. ಅಲ್ಲಿ ಮಸಿ ತುಂಬಿದರೆ ಹೊಗೆ ತಡೆಯುವುದಷ್ಟೇ ಅಲ್ಲ, ಹಂಡೆಗೂ ಬೆಂಕಿಗೂ ನಡುವೆ ಮಸಿಯ ಕಂಬಳಿ ಹೊದಿಸಿದಂತಾಗಿ ನೀರು ಕಾಯಲು ಹೆಚ್ಚು ಕಟ್ಟಿಗೆ ಬೇಕಾಗುತ್ತದೆ.

ಹಂತ 4: ಕೆಳಗಿನಿಂದಲೇ ಗುಡಿಸಿ

ಕೊಳವೆಯನ್ನು ಮೇಲಿನಿಂದಲೂ ಗುಡಿಸಬಹುದು, ಕೆಳಗಿನಿಂದಲೂ ಗುಡಿಸಬಹುದು. ನಮ್ಮ ಹೆಂಚಿನ ಮಾಡುಗಳಿಗೆ ಕೆಳಗಿನಿಂದ ಗುಡಿಸುವುದೇ ಸರಿ. ಮಂಗಳೂರು ಹೆಂಚು ಹಾವಸೆ ಹಿಡಿದರೆ ಬೇಸಿಗೆಯಲ್ಲೂ ಜಾರುತ್ತದೆ. ಹಳೆಯ ರೀಪು ಎಲ್ಲಿ ಲಡ್ಡಾಗಿದೆ ಎಂಬುದು ಕಾಲಿಟ್ಟ ಮೇಲಷ್ಟೇ ತಿಳಿಯುತ್ತದೆ. ಬಚ್ಚಲ ಕೊಳವೆಯ ಮಸಿಗಾಗಿ ಸೊಂಟ ಮುರಿದುಕೊಳ್ಳುವುದು ಬೇಡ.

ಬ್ರಷ್ಷನ್ನು ಗಳಕ್ಕೆ ಬಿಗಿಯಾಗಿ ಕಟ್ಟಿ, ಕಿಂಡಿಯಿಂದ ಮೇಲಕ್ಕೆ ಒಂದೊಂದು ಅಡಿಯಷ್ಟೇ ತಳ್ಳುತ್ತ, ಅಷ್ಟನ್ನು ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ ಮುಂದೆ ಹೋಗಿ. ಒಮ್ಮೆಲೇ ತುದಿಯವರೆಗೆ ನೂಕಿದರೆ ಸಡಿಲವಾದ ಮಸಿ ಬ್ರಷ್ಷಿನ ಮೇಲೆ ಕೂತು ಅಲ್ಲಿಯೇ ಬಿಗಿದುಕೊಳ್ಳುತ್ತದೆ. ಕಿಂಡಿಯಿಂದ ಓರೆಯಾಗಿ ತೂರಿಸಬೇಕಾದಲ್ಲಿ ಬಿದಿರು ಬಾಗುವುದಿಲ್ಲ; ಬೆತ್ತ ಬಾಗುತ್ತದೆ. ಗಳದ ಸುತ್ತ ಕಿಂಡಿಗೆ ಒದ್ದೆ ಬಟ್ಟೆ ಸುತ್ತಿಟ್ಟುಕೊಂಡರೆ ಮುಖದ ಮೇಲೆ ಮಸಿ ಸುರಿಯುವುದು ತಪ್ಪುತ್ತದೆ. ಬ್ರಷ್ ತುದಿ ಮುಟ್ಟಿದೆ ಎಂಬುದನ್ನು ಹೊರಗೆ ಅಂಗಳದಲ್ಲಿ ನಿಂತ ಇನ್ನೊಬ್ಬರು ಕೂಗಿ ಹೇಳಲಿ. ಮುಗಿದ ಮೇಲೆ ಕೆಳಗೆ ಬಿದ್ದ ಮಸಿಯನ್ನು ತೆಗೆದು ಕನ್ನಡಿಯಲ್ಲಿ ಮತ್ತೊಮ್ಮೆ ನೋಡಿ.

ಇಲ್ಲಿ ಎರಡು ಹಳೆಯ ರೂಢಿಗಳ ಬಗ್ಗೆ ಹೇಳಲೇಬೇಕು. ಒಣ ಸೋಗೆಯನ್ನು ಕಂತೆಗಟ್ಟಲೆ ಒಲೆಗೆ ತುಂಬಿ, ಧಗಧಗ ಉರಿಸಿ ಕೊಳವೆಯ ಮಸಿಯನ್ನು ಸುಡುವುದು ಮೊದಲನೆಯದು. ಹೊಗೆಜಿಡ್ಡಿಗೆ ಬೆಂಕಿ ತಾಗಿದರೆ ಕೊಳವೆಯೊಳಗಿನ ಬಿಸಿ 1,000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಪಕ್ಕದ ಪಕಾಸಿ ಹೊತ್ತಿಕೊಳ್ಳಲು ಅಷ್ಟು ಬೇಕಿಲ್ಲ. ಕೆಂಡದ ಮೇಲೆ ಉಪ್ಪು ಎರಚುವುದು ಎರಡನೆಯದು. ಉಪ್ಪಿನ ಹೊಗೆ ಲೋಹವನ್ನು ತಿನ್ನುತ್ತದೆ. ಸಾಣಿಕಟ್ಟಾದ ಉಪ್ಪು ಮಾವಿನ ಮಿಡಿಗೆ ಇರಲಿ.

ಹಂತ 5: ಮೇಲಿನ ಟೋಪಿ

ಕೊಳವೆಯ ತುದಿಗೆ ಮಳೆ ತಡೆಯಲು ಹಾಕುವ ತಗಡಿನ ಟೋಪಿ ಇಲ್ಲದಿದ್ದರೆ ನಮ್ಮ ಮಳೆಯಲ್ಲಿ ಕೊಳವೆ ಹೆಚ್ಚು ವರ್ಷ ಬಾಳುವುದಿಲ್ಲ. ಮಳೆನೀರು ಮಸಿಯೊಂದಿಗೆ ಬೆರೆತರೆ ಲೋಹವನ್ನು ಕೊರೆಯುವ ಕಪ್ಪು ಹುಳಿನೀರಾಗುತ್ತದೆ. ಆದರೆ ಟೋಪಿಯನ್ನು ಕೊಳವೆಯ ಬಾಯಿಗೆ ತೀರ ಸಮೀಪ ಕೂರಿಸುವುದೂ ತಪ್ಪು. ಲೆಕ್ಕಕ್ಕೆ ಅಡ್ಡಳತೆಯ ಕಾಲು ಪಾಲು, ಅಂದರೆ 4 ಇಂಚಿನ ಕೊಳವೆಗೆ 1 ಇಂಚು ಅಂತರವಿದ್ದರೆ ಹೊಗೆ ಹೊರಹೋಗಲು ಸಾಲುತ್ತದೆ. ಟೋಪಿಯ ಒಳಮೈಗೂ ಮಸಿ ಕಟ್ಟುವುದರಿಂದ ಅದರ ಎರಡು ಮೂರು ಪಟ್ಟು ಬಿಡಿಸಬೇಕು. ಹಕ್ಕಿಗಾಗಿ ಜಾಲರಿ ಕಟ್ಟಿಸುವವರು ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದನ್ನು ಕಟ್ಟಿಸಬಾರದು, ಅದು ಕೆಲವೇ ವಾರಗಳಲ್ಲಿ ಮಸಿಯಿಂದ ಮುಚ್ಚಿಹೋಗುತ್ತದೆ. ಅರ್ಧ ಇಂಚಿಗಿಂತ ದೊಡ್ಡ ಕಣ್ಣಿರಲಿ.

ಕೊಳವೆಯ ತುದಿ ಮಾಡನ್ನು ದಾಟುವ ಜಾಗಕ್ಕಿಂತ 3 ಅಡಿಯಾದರೂ ಮೇಲಿರಬೇಕು, ಮತ್ತು ಸುತ್ತ 10 ಅಡಿಯೊಳಗಿನ ಯಾವುದೇ ಮಾಡಿಗಿಂತ 2 ಅಡಿ ಎತ್ತರವಿರಬೇಕು. ಬಚ್ಚಲಿನ ಮಾಡು ತಗ್ಗು, ಪಕ್ಕದ ಮನೆಯ ಮಾಡು ಎತ್ತರ ಇರುವಲ್ಲಿ ಗಾಳಿ ದೊಡ್ಡ ಮಾಡಿಗೆ ಬಡಿದು ಕೆಳಕ್ಕೆ ಒತ್ತುತ್ತದೆ. ಗಾಳಿ ಬೀಸಿದಾಗ ಮಾತ್ರ ಹೊಗೆ ಬರುವ ಮನೆಗಳ ತೊಂದರೆ ಬಹುತೇಕ ಇದೇ. ಎತ್ತರಿಸುವ ಕೆಲಸವನ್ನು ಮಾಡಿನ ಕೆಲಸ ಬಲ್ಲವರಿಗೆ ಒಪ್ಪಿಸಿ.

ಹಂತ 6: ಕೀಲುಗಳು ಮತ್ತು ಮರದಿಂದ ಅಂತರ

ಕೊಳವೆಯ ತುಂಡುಗಳನ್ನು ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಹೋಗಬೇಕು. ಆಗ ಒಳಗೆ ಇಳಿಯುವ ಜಿಡ್ಡು ಒಳಗೇ ಇಳಿದು ಒಲೆ ಸೇರುತ್ತದೆ. ಮಳೆ ಬರುತ್ತದೆಂದು ಇದನ್ನು ತಿರುಗುಮುರುಗು ಮಾಡಿದ ಕಡೆಗಳಲ್ಲಿ ಕೀಲಿನಿಂದ ಕಂದು ನೀರು ಸೋರಿ ಗೋಡೆಗೆ ಕಲೆ ಹಿಡಿದಿರುವುದನ್ನು ಕಾಣಬಹುದು. ಮಾಡಿನ ಹೊರಗಿನ ಭಾಗದಲ್ಲಿ ಮಳೆಗೆ ಪ್ರತ್ಯೇಕವಾಗಿ ತಗಡಿನ ಕಾಲರ್ ಹಾಕಿಸಿ.

ಒಲೆಗೂ ಕೊಳವೆಗೂ ನಡುವಿನ ಸಂದನ್ನು ಮುಚ್ಚಲು ಬರಿಯ ಸಿಮೆಂಟು ಉಪಯೋಗವಿಲ್ಲ. ಬಿಸಿಗೆ ಬಿರುಕು ಬಿಡುತ್ತದೆ. ಹುತ್ತದ ಮಣ್ಣಿಗೆ ಸಣ್ಣ ಮರಳು, ಭತ್ತದ ಹೊಟ್ಟು, ಸ್ವಲ್ಪ ಸೆಗಣಿ ಸೇರಿಸಿ ಕಲಸಿ, ಒಂದು ರಾತ್ರಿ ಬಿಟ್ಟು ಮೆತ್ತಿ. ನಾಲ್ಕು ದಿನ ನೆರಳಲ್ಲಿ ಒಣಗಿದ ಮೇಲೆ ಸಣ್ಣ ಉರಿ ಹಾಕಿ.

ಕೊಳವೆ ಹಾದುಹೋಗುವ ದಾರಿಯಲ್ಲಿ ಪಕಾಸಿ, ರೀಪು, ಅಟ್ಟದ ಹಲಗೆ, ಅಟ್ಟದಲ್ಲಿ ಪೇರಿಸಿದ ಅಡಿಕೆಚೀಲ ಯಾವುದೂ ಒಂದೂವರೆ ಅಡಿಗಿಂತ ಹತ್ತಿರ ಇರಬಾರದು. ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ: ಬಹುಕಾಲ ಬಿಸಿ ತಿಂದ ಮರ ಇದ್ದಿಲಿನ ಸ್ವಭಾವಕ್ಕೆ ತಿರುಗಿ, ಮೊದಲಿಗಿಂತ ಕಡಿಮೆ ಬಿಸಿಯಲ್ಲೇ ಹೊತ್ತಿಕೊಳ್ಳುವ ಹಾಗಾಗುತ್ತದೆ. ಅಂತರ ಬಿಡಿಸಲು ಸಾಧ್ಯವೇ ಇಲ್ಲದ ಕಡೆ ಕೊಳವೆಗೂ ಮರಕ್ಕೂ ನಡುವೆ, ಎರಡಕ್ಕೂ ತಾಗದಂತೆ, ಗಾಳಿಯಾಡುವ ಹಾಗೆ ತಗಡಿನ ಮರೆ ಕಟ್ಟಿಸಿ. ಹೆಂಚು ದಾಟುವ ಸಂದಿಗೆ ಪ್ಲಾಸ್ಟಿಕ್ ಹಾಳೆಯನ್ನೋ ಡಾಂಬರನ್ನೋ ತುರುಕುವುದು ಸೋರುವುದಕ್ಕಿಂತ ಕೆಟ್ಟದ್ದು.

ಹಂತ 7: ಪರೀಕ್ಷೆ

ಎಲ್ಲವನ್ನೂ ಮತ್ತೆ ಜೋಡಿಸಿ, ಕಿಂಡಿಯ ಮುಚ್ಚಳ ಹಾಕುವ ಮೊದಲು ಒಂದು ಹಾಳೆ ಕಾಗದವನ್ನೋ ಹಿಡಿ ಒಣ ಸೋಗೆಯನ್ನೋ ಕೊಳವೆಯ ಬುಡದಲ್ಲೇ ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿ. ಮುಚ್ಚಳ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಒಲೆಯ ಬಾಯಿಗೆ ಹಿಡಿದರೆ ಹೊಗೆ ಒಳಕ್ಕೆ ಸೆಳೆಯಲ್ಪಡಬೇಕು. ಅನಂತರ ಉರಿ ಹಾಕಿ, ಊದುಬತ್ತಿಯನ್ನು ಪ್ರತಿ ಕೀಲಿನ ಸುತ್ತ ತಿರುಗಿಸಿ. ಹೊಗೆಯ ಎಳೆ ಕೀಲಿನೊಳಗೆ ಹೋದರೆ ಅಲ್ಲಿ ಬಿರುಕಿದೆ. ಬಿರುಕಿನಿಂದ ಒಳಬಂದ ತಂಪು ಗಾಳಿ ಸೆಳೆತವನ್ನು ಕುಂದಿಸುತ್ತದೆ. ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಂಡವರು ಅದನ್ನು ನಿಲ್ಲಿಸಿ ಪರೀಕ್ಷಿಸಬೇಕು. ಬಾಗಿಲು ಕಿಟಕಿ ಮುಚ್ಚಿದ್ದಾಗ ಫ್ಯಾನು ಕೊಳವೆಯ ಹೊಗೆಯನ್ನೇ ಹಿಂದಕ್ಕೆ ಎಳೆಯುತ್ತದೆ.

ಕಟ್ಟಿಗೆಯ ವಿಷಯ

ಹಸಿ ಮರದ ತೂಕದಲ್ಲಿ ಸರಿಸುಮಾರು ಅರ್ಧ ನೀರು. ಆ ನೀರು ಆವಿಯಾಗಲು ಬೆಂಕಿಯ ಶಾಖವನ್ನೇ ತಿನ್ನುತ್ತದೆ, ಹೊಗೆ ತಂಪಾಗುತ್ತದೆ, ತಂಪಾದ ಹೊಗೆ ಜಿಡ್ಡನ್ನು ಕೊಳವೆಗೆ ಕೊಟ್ಟು ಹೋಗುತ್ತದೆ. ನೀರಿನ ಅಂಶ ನೂರಕ್ಕೆ 20ಕ್ಕಿಂತ ಕಡಿಮೆ ಇರುವ ಕಟ್ಟಿಗೆಯನ್ನು ಒಣಗಿದ್ದು ಎನ್ನಬಹುದು. ಅದಕ್ಕೆ ಬೇಸಿಗೆಯೂ ಸೇರಿ ಆರು ತಿಂಗಳಾದರೂ ಬೇಕು. ದಪ್ಪ ಕುಂಟೆಗಳಿಗೆ ವರ್ಷವೇ ಬೇಕು. ಬೆಟ್ಟದಿಂದ ತಂದ ಕಟ್ಟಿಗೆಯನ್ನು ತಂದಾಗಲೇ ಸೀಳಿ, ಕಲ್ಲಿನ ಮೇಲೆ ನೆಲ ಬಿಡಿಸಿ, ಎರಡು ಬದಿ ಗಾಳಿಯಾಡುವಂತೆ ಪೇರಿಸಿ, ಮೇಲೆ ಮಾತ್ರ ಹೊದಿಸಿ. ನಾಲ್ಕೂ ಕಡೆ ತಾಡಪತ್ರಿ ಬಿಗಿದರೆ ಒಳಗೇ ಬೆವತು ಬೂಸಲು ಹಿಡಿಯುತ್ತದೆ. ಒಣಗಿದ ಕಟ್ಟಿಗೆಯ ತುದಿಯಲ್ಲಿ ಬಿರುಕುಗಳಿರುತ್ತವೆ, ಎರಡನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ. ಹಸಿಯದು ದಪ್ ಎನ್ನುತ್ತದೆ.

ಹಾಲಿನ ಕೊಟ್ಟೆ ಹಾಕಿ ಉರಿ ಹಚ್ಚುವ ಅಭ್ಯಾಸ ಬಿಡಬೇಕು; ಕರಗಿದ ಪ್ಲಾಸ್ಟಿಕ್ ಕೊಳವೆಗೆ ಅಂಟುವ ಹೊಗೆ ಕೊಡುತ್ತದೆ, ಪಿ.ವಿ.ಸಿ. ಪೈಪಿನ ಚೂರಾದರೆ ಲೋಹ ತಿನ್ನುವ ಆಮ್ಲವನ್ನೇ ಕೊಡುತ್ತದೆ. ಕರಾವಳಿಯ ಗೇರುಬೀಜದ ಸಿಪ್ಪೆಯೂ ಬೇಡ: ಅದರ ಎಣ್ಣೆ ಮೈಗೆ ತಾಗಿದರೆ ಸುಡುವಂಥದ್ದು, ಹೊಗೆ ಕಣ್ಣಿಗೂ ಗಂಟಲಿಗೂ ಖಾರ, ಕೊಳವೆಗೆ ಜಿಡ್ಡು. ಒಣ ತೆಂಗಿನ ಕರಟ, ಒಣ ಅಡಿಕೆ ಸಿಪ್ಪೆ ಒಳ್ಳೆಯವೇ. ಆದರೆ ಅಡಿಕೆ ಸಿಪ್ಪೆಯನ್ನು ಒತ್ತಿ ತುಂಬಿದರೆ ಉರಿಯದೆ ದಿನವಿಡೀ ಹೊಗೆಯಾಡುತ್ತದೆ. ರಾತ್ರಿಯಿಡೀ ನೀರು ಬಿಸಿಯಿರಲೆಂದು ದೊಡ್ಡ ಕುಂಟೆಯನ್ನು ಒಲೆಗೆ ತಳ್ಳಿ ಬಾಯಿ ಮುಚ್ಚುವುದೂ ಇಂಥದೇ. ಅರ್ಧ ಗಂಟೆ ಜೋರಾಗಿ ಉರಿದ ಒಲೆಗಿಂತ ರಾತ್ರಿಯೆಲ್ಲ ಹೊಗೆಯಾಡಿದ ಒಲೆ ಕೊಳವೆಯನ್ನು ಹೆಚ್ಚು ಕೆಡಿಸುತ್ತದೆ.

ಕೆಂಡದ ಕಾಲದ ಅಪಾಯ

ಬಿಸಿ ಹೋಗದಿರಲಿ ಎಂದು ಉರಿ ಇಳಿದ ಮೇಲೆ ಕೊಳವೆಯ ತಡೆತಗಡನ್ನು, ಅಂದರೆ ದಾರಿಯನ್ನು ಅಡ್ಡಗಟ್ಟುವ ಬಿಲ್ಲೆಯನ್ನು, ಪೂರ್ತಿ ಮುಚ್ಚುವವರಿದ್ದಾರೆ. ಹೊಗೆ ಕಾಣದ ಕೆಂಡವೇ ಹೆಚ್ಚು ಇಂಗಾಲದ ಮೊನಾಕ್ಸೈಡ್ ಬಿಡುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಸೂಚನೆಗಳು. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರು ಪ್ರಜ್ಞೆ ತಪ್ಪಿ ಬೀಳುವವರೆಗೂ ತಿಳಿಯದೆ ಇರಬಹುದು. ಬಚ್ಚಲ ಒಳಗಿನಿಂದಲೇ ಉರಿ ಹಾಕುವ ಮನೆಗಳಲ್ಲಿ ಕೆಂಡ ಆರುವವರೆಗೆ ತಡೆತಗಡು ತೆರೆದಿರಬೇಕು, ಮೇಲಿನ ಗವಾಕ್ಷಿಯನ್ನು ಯಾವತ್ತೂ ಮುಚ್ಚಬಾರದು. ಯಾರಾದರೂ ಹೀಗೆ ಬಿದ್ದರೆ ಮೊದಲು ಹೊರಗಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಸೇರಿಸಿ.

ಕೊಳವೆಯೊಳಗೆ ಬೆಂಕಿ ಹೊತ್ತಿದರೆ

ಕೊಳವೆಯಿಂದ ದೊಡ್ಡ ಮೊರೆತ, ತುದಿಯಲ್ಲಿ ಕಿಡಿ, ಕೆಂಪಾಗುವ ಲೋಹ ಇವು ಲಕ್ಷಣಗಳು. ಮನೆಯವರನ್ನು ಹೊರಗೆ ಕಳಿಸಿ, ಅಡುಗೆ ಅನಿಲದ ರೆಗ್ಯುಲೇಟರ್ ಮುಚ್ಚಿ, 101 ಅಥವಾ 112ಕ್ಕೆ ಕರೆ ಮಾಡಿ. ಒಲೆಯ ಬಾಯಿಯನ್ನೂ ಬೂದಿಯ ಕಿಂಡಿಯನ್ನೂ ತಗಡಿನಿಂದ ಮುಚ್ಚಿ ಗಾಳಿ ತಡೆಯಿರಿ. ಒಲೆಯೊಳಗಿನ ಉರಿಯ ಮೇಲೆ ಮರಳು ಅಥವಾ ತಣ್ಣನೆಯ ಬೂದಿ ಸುರಿಯಿರಿ. ಕೊಳವೆಯೊಳಗೆ ನೀರು ಸುರಿಯಬೇಡಿ, ಕಾದ ಕೊಳವೆ ಒಡೆದು ಬೆಂಕಿ ಹೊರಗೆ ಬರುತ್ತದೆ. ನೀರು ಬೇಕಾಗುವುದು ಸುತ್ತಲಿನ ಪಕಾಸಿ, ಸೋಗೆ, ಅಟ್ಟವನ್ನು ನೆನೆಸುವುದಕ್ಕೆ. ಬೆಂಕಿ ಆರಿದ ಮೇಲೂ ಕೆಲವು ಗಂಟೆ ಅಟ್ಟದ ಮೇಲೆ ಕಣ್ಣಿಡಿ, ಕೊಳವೆಯನ್ನು ಪೂರ್ತಿ ಪರೀಕ್ಷಿಸದೆ ಮತ್ತೆ ಉರಿ ಹಾಕಬೇಡಿ.

ಅಡಿಕೆ ಒಲೆ ಮತ್ತು ಕಡಲ ಗಾಳಿ

ಅಡಿಕೆ ಬೇಯಿಸುವ ಒಲೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಉರಿದು ಉಳಿದಂತೆ ಸುಮ್ಮನಿರುತ್ತದೆ. ಕೊಯ್ಲು ಮುಗಿದ ವಾರದಲ್ಲೇ ಗುಡಿಸಿ, ಕೊಳವೆಯ ಎರಡೂ ಬಾಯಿಗೆ ಜಾಲರಿ ಕಟ್ಟಿಡಿ. ಮಸಿ ಒಳಗೇ ಬಿಟ್ಟರೆ ಮಳೆಗಾಲದ ತೇವ ಹೀರಿ ಲೋಹವನ್ನು ತಿನ್ನುತ್ತದೆ. ಮುಂದಿನ ಕೊಯ್ಲಿಗೆ ಮೊದಲ ಉರಿ ಹಾಕುವ ಮುಂಚೆ ಗೂಡು, ಹಾವು, ಅಳಿಲು ನೋಡಿಕೊಳ್ಳಿ. ಕಡಜದ ಗೂಡಿದ್ದರೆ ಹಗಲಲ್ಲಿ ಕೆದಕಬೇಡಿ.

ಕಾರವಾರದಿಂದ ಭಟ್ಕಳದವರೆಗೆ ಕಡಲಿಗೆ ಹತ್ತಿರವಿರುವ ಮನೆಗಳಲ್ಲಿ ಕೊಳವೆ ಒಳಗಿನಿಂದ ಮಸಿಗೂ ಹೊರಗಿನಿಂದ ಉಪ್ಪು ಗಾಳಿಗೂ ಸಿಕ್ಕಿರುತ್ತದೆ. ಜಿ.ಐ. ತಗಡಿನ ಕೊಳವೆ, ಅಂದರೆ ಸತುವಿನ ಲೇಪನವಿರುವ ಕಬ್ಬಿಣ, ಇಲ್ಲಿ ಬೇಗ ಸೋಲುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಎಂಬ ದರ್ಜೆಗಿಂತ 316 ಉಪ್ಪನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಹಣ ಸೀಮಿತವಾಗಿದ್ದರೆ ಮಾಡಿನ ಹೊರಗಿನ ತುಂಡನ್ನೂ ಟೋಪಿಯನ್ನೂ ಮಾತ್ರ 316ರಲ್ಲಿ ಮಾಡಿಸಿ, ಒಳಗಿನದನ್ನು 304ರಲ್ಲಿ ಬಿಡಬಹುದು. ವರ್ಷಕ್ಕೊಮ್ಮೆ ಬೆರಳಿನಿಂದ ತಟ್ಟಿ ನೋಡಿ, ಸದ್ದು ಮಂದವಾದ ಕಡೆ ತಗಡು ತೆಳ್ಳಗಾಗಿದೆಯೇ ಎಂದು ಪರೀಕ್ಷಿಸಿ.

ಗುಡಿಸಿ ತೆಗೆದ ಮಸಿ ಮತ್ತು ಬೂದಿಯನ್ನು ಒಟ್ಟಿಗೆ ಬೆರೆಸಬೇಡಿ. ತಣಿದ ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿರುವುದರಿಂದ ತೆಂಗಿನ ಬುಡಕ್ಕೂ ಅಡಿಕೆಗೂ ತೆಳುವಾಗಿ ಹರಡಬಹುದು. ಹೊಗೆಜಿಡ್ಡು ಸೇರಿದ ಕರಿ ಹಕ್ಕಳೆಯನ್ನು ಮಾತ್ರ ತೋಟಕ್ಕೂ ಗೊಬ್ಬರಗುಂಡಿಗೂ ಹಾಕದೆ, ಬಾವಿಯಿಂದ ದೂರದಲ್ಲಿ ಗುಂಡಿ ತೋಡಿ ಹುಗಿದು, ಕೈಕಾಲನ್ನು ಸೀಗೆಪುಡಿಯಿಂದಲೋ ಸೋಪಿನಿಂದಲೋ ಚೆನ್ನಾಗಿ ತೊಳೆದುಕೊಳ್ಳಿ. ಉಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ.